ಮಸಿ ಹೊಳೆಯುತ್ತೆ, ತೊಳೆದ ಮೇಲೆ

ನಮ್ಮ ನ್ಯೂಸ್‌ರೂಮಿನಲ್ಲಿ ಮಸಿ ಅನ್ನೋ ಪದ ಕಿವಿಗೆ ಬಿತ್ತು ಅಂದ್ರೆ ಅರ್ಥ ಒಂದೇ. ಯಾರೋ ಯಾರದೋ ಮುಖಕ್ಕೆ ಬಳಿದಿದ್ದಾರೆ. ಕ್ಯಾಮೆರಾ ಓಡಬೇಕು, ಸ್ಕ್ರೀನ್ ಕೆಂಪಾಗಬೇಕು, ರಾತ್ರಿ ಒಂಬತ್ತಕ್ಕೆ ನಾಲ್ಕು ಜನ ಕೂತು ಕೂಗಾಡಬೇಕು. ಇವತ್ತು ನಾನು ಹೇಳೋಕೆ ಹೊರಟಿರೋದು ಬೇರೆ ಮಸಿಯ ಕಥೆ. ದೇವರ ಮನೆಯಲ್ಲಿ ದೀಪದ ಮೇಲಿನ ಗೋಡೆಗೆ ಹತ್ತಿರುತ್ತಲ್ಲ, ಆ ಮಸಿ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ಅಜ್ಜಿಯರು ಕಾಡಿಗೆ ಮಾಡ್ತಿದ್ದರಲ್ಲ, ಆ ಮಸಿ.

ಈ ಮಸಿಯನ್ನ ಆಸಿಡ್‌ನಲ್ಲಿ ಕುದಿಸ್ತಾರೆ, ತೊಳೀತಾರೆ, ಸೋಸ್ತಾರೆ. ಕೊನೆಗೆ ಉಳಿಯೋದು ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳು. ಅವು ಕರೆದುಕೊಂಡಿರೋ ನೀರಿನ ಮೇಲೆ ನೇರಳಾತೀತ ದೀಪ ಹಿಡಿದ್ರೆ ಹಸಿರು ಬೆಳಕು ಚೆಲ್ಲುತ್ತೆ. ಆ ನೀರನ್ನ ಜೀವಕೋಶಗಳಿಗೆ ಕೊಟ್ಟರೆ ಕಣಗಳು ಒಳಗೆ ಹೋಗಿ ಕೂರುತ್ತವೆ, ಸೂಕ್ಷ್ಮದರ್ಶಕದಡಿ ಇಡೀ ಕೋಶ ಹೊಳೆಯುತ್ತೆ. ಇವಕ್ಕೆ ಕಾರ್ಬನ್ ಡಾಟ್ ಅಂತ ಹೆಸರು. ನಾವು ಇಂಗಾಲದ ಚುಕ್ಕಿ ಅನ್ನೋಣ.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದೂವರೆ ನಿಮಿಷದ ಸುದ್ದಿ. 'ಮಸಿಯಿಂದ ಕ್ಯಾನ್ಸರ್ ಪತ್ತೆ!' ಅಂತ ಕೆಳಗೊಂದು ಪಟ್ಟಿ, ಹಿಂದೊಂದು ಮ್ಯೂಸಿಕ್. ನಾನು ಅಲ್ಲಿಗೆ ನಿಲ್ಲಿಸಲ್ಲ. ಯಾಕಂದ್ರೆ ಹೊಳೆಯೋ ಹಾಗೆ ಮಾಡೋದು ಈ ಕಥೆಯ ಸುಲಭದ ಭಾಗ. ಕಷ್ಟ ಇರೋದು ತೊಳೆಯೋದರಲ್ಲಿ. ನಮ್ಮ ಹೆಡ್‌ಲೈನ್‌ಗಳಿಂದ ಪ್ರತಿ ಸಲ ತಪ್ಪಿಸಿಕೊಳ್ಳೋದೂ ಅದೇ ಭಾಗ.

ಮೊದಲು, ಜೀವಕೋಶಕ್ಕೆ ಬೆಳಕು ಯಾಕೆ ಬೇಕು ಅನ್ನೋದು ಗೊತ್ತಾಗಬೇಕು. ನಮ್ಮ ಮೈಯ ಸಾಮಾನ್ಯ ಜೀವಕೋಶದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಅದರೊಳಗೆ ಬಹುಪಾಲು ನೀರು. ಸೂಕ್ಷ್ಮದರ್ಶಕದಡಿ ಇಟ್ಟರೆ ನೀರೊಳಗೆ ನೀರಿನ ಗುಳ್ಳೆ ಇಟ್ಟ ಹಾಗೆ, ಏನೂ ಸರಿಯಾಗಿ ಕಾಣಲ್ಲ. ಬಣ್ಣ ಹಾಕಬೇಕು. ಅದಕ್ಕಿಂತ ಒಳ್ಳೇದು, ತಾನೇ ಬೆಳಕು ಕೊಡೋ ವಸ್ತು ಒಳಗೆ ಕಳಿಸೋದು. ಸುತ್ತ ಕತ್ತಲೆ, ನಡುವೆ ದೀಪ. ಅಮಾವಾಸ್ಯೆಯ ರಾತ್ರಿ ಹೊಲದ ಆಚೆ ಬೀಡಿಯ ಕಿಡಿ ಕಂಡ ಹಾಗೆ ಕಾಣುತ್ತೆ.

ತಾನೇ ಬೆಳಕು ಕೊಡೋದು ಅಂದ್ರೆ ಮ್ಯಾಜಿಕ್ ಏನಲ್ಲ. ಬ್ಯಾಂಕಿನಲ್ಲಿ ನೋಟನ್ನ ನೇರಳೆ ದೀಪದ ಕೆಳಗೆ ಹಿಡೀತಾರಲ್ಲ, ಆಗ ನೋಟಿನ ಮೇಲಿನ ಸಂಖ್ಯೆ ಹೊಳೆಯುತ್ತೆ. ಆ ಶಾಯಿ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನ ನುಂಗಿ, ಒಂದಿಷ್ಟು ಶಕ್ತಿಯನ್ನ ಶಾಖವಾಗಿ ಕಳೆದುಕೊಂಡು, ಉಳಿದಿದ್ದನ್ನ ಕಣ್ಣಿಗೆ ಕಾಣೋ ಬೆಳಕಾಗಿ ವಾಪಸ್ ಕೊಡುತ್ತೆ. ಇದಕ್ಕೆ ಕನ್ನಡದಲ್ಲಿ ಪ್ರತಿದೀಪ್ತಿ ಅಂತಾರೆ. ನೂರು ಬೆಳಕಿನ ಕಣ ನುಂಗಿದರೆ ಎಷ್ಟು ವಾಪಸ್ ಬಂತು ಅನ್ನೋದೇ ಆ ವಸ್ತುವಿನ ಮಾರ್ಕ್ಸ್ ಕಾರ್ಡ್. ಈ ಲೆಕ್ಕ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಜೀವಕೋಶಕ್ಕೆ ಹಾಕೋ ಇಂಥ ಬಣ್ಣಗಳು ಮೊದಲಿಂದಲೂ ಇವೆ. ಅವುಗಳ ದೊಡ್ಡ ಕಾಯಿಲೆ ಮಾಸೋದು. ಬಿಸಿಲಿಗೆ ಒಣಗಿಸಿದ ಸೀರೆಯ ಹಾಗೆ, ಬೆಳಕು ಬಿದ್ದಷ್ಟೂ ಬಣ್ಣ ಹೋಗುತ್ತೆ. ವಿಜ್ಞಾನಿ ಇನ್ನೂ ನೋಡ್ತಾ ಇರುವಾಗಲೇ ಜೀವಕೋಶ ಕತ್ತಲೆಗೆ ಜಾರುತ್ತೆ. ಹಾಗಾಗಿ ಕ್ವಾಂಟಮ್ ಡಾಟ್ ಬಂದಾಗ ಎಲ್ಲರಿಗೂ ಖುಷಿ. ಕ್ಯಾಡ್ಮಿಯಂ ಸೆಲೆನೈಡ್‌ನಂಥ ಅರೆವಾಹಕಗಳ ಪುಟ್ಟ ಹರಳುಗಳು ಅವು. ಮಾಸೋದು ಕಡಿಮೆ, ಗಾತ್ರ ಬದಲಿಸಿದರೆ ಬಣ್ಣವೇ ಬದಲು. 2023ರ ರಸಾಯನಶಾಸ್ತ್ರದ ನೊಬೆಲ್ ಇವುಗಳಿಗೇ ಬಂತು. ಮೌಂಗಿ ಬವೆಂಡಿ, ಲೂಯಿ ಬ್ರೂಸ್, ಅಲೆಕ್ಸಿ ಎಕಿಮೋವ್. ಅಧಿಕೃತ ಘೋಷಣೆಗೆ ಕೆಲವು ಗಂಟೆ ಮೊದಲೇ ಸ್ವೀಡನ್ನಿನ ಪತ್ರಿಕೆಗಳಿಗೆ ಹೆಸರು ಸೋರಿಕೆಯಾದ ವರ್ಷ ಅದು. ಬ್ರೇಕಿಂಗ್ ನ್ಯೂಸ್ ಚಟ ನೊಬೆಲ್‌ನೂ ಬಿಟ್ಟಿಲ್ಲ ನೋಡಿ!

ಆದರೆ ಕ್ಯಾಡ್ಮಿಯಂ ಅಂದ್ರೆ ವಿಷ. ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿ, ಅಲ್ಲಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದು ಜನರ ಮೂಳೆಗಳೇ ಮುರಿದುಬಿದ್ದವು. ಆ ರೋಗದ ಹೆಸರು ಇತಾಯ್ ಇತಾಯ್, ಅಂದ್ರೆ 'ಅಯ್ಯೋ ನೋವು, ಅಯ್ಯೋ ನೋವು'. ಕ್ವಾಂಟಮ್ ಡಾಟ್ ಮೇಲೆ ಸರಿಯಾದ ಕವಚ ಇಲ್ಲದಿದ್ದರೆ, ಗಾಳಿ ಮತ್ತು ನೇರಳಾತೀತ ಬೆಳಕು ತಗುಲಿ ಕ್ಯಾಡ್ಮಿಯಂ ಹೊರಬಂದು ಯಕೃತ್ತಿನ ಜೀವಕೋಶಗಳನ್ನ ಕೊಲ್ಲುತ್ತೆ ಅಂತ 2004ರಲ್ಲೇ ಪ್ರಯೋಗಗಳು ತೋರಿಸಿದ್ದವು. ಟೀವಿ ಪರದೆಗೆ ಅದು ಸರಿ, ಜೀವದೊಳಕ್ಕೆ ಬಿಡೋದಕ್ಕೆ ಹೆದರಿಕೆ. ಕವಚ ಹಾಕಿದರೂ ಆ ಹೆದರಿಕೆ ಪೂರ್ತಿ ಹೋಗಲ್ಲ.

ಅದೇ 2004ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಒಂದು ತಂಡ ಬೇರೇನೋ ಮಾಡ್ತಾ ಇತ್ತು. ಅವರಿಗೆ ಬೇಕಾಗಿದ್ದು ಇಂಗಾಲದ ನ್ಯಾನೋ ನಳಿಕೆಗಳು. ವಿದ್ಯುತ್ ಕಿಡಿ ಹಾರಿಸಿ ಮಾಡಿದ ಮಸಿಯಲ್ಲಿ ಅವು ಇರ್ತವೆ, ಜೊತೆಗೆ ಕಸವೂ ಇರುತ್ತೆ. ಮಸಿಯನ್ನ ನೈಟ್ರಿಕ್ ಆಸಿಡ್‌ನಲ್ಲಿ ಹದ ಮಾಡಿ, ಜೆಲ್ಲಿಯಂಥ ಪದರದಲ್ಲಿ ವಿದ್ಯುತ್ ಹರಿಸಿ, ಕಣಗಳನ್ನ ಗಾತ್ರಕ್ಕೆ ತಕ್ಕ ಹಾಗೆ ಬೇರೆ ಮಾಡ್ತಿದ್ದರು. ಆಗ ಅವರಿಗೆ ಬೇಡವಾಗಿದ್ದ ಪಟ್ಟಿಗಳು ನೇರಳಾತೀತ ಬೆಳಕಲ್ಲಿ ಬಣ್ಣಬಣ್ಣವಾಗಿ ಹೊಳೆದವು. ಯೋಚನೆ ಮಾಡಿ, ಈ ಚುಕ್ಕಿಗಳು ಲೋಕಕ್ಕೆ ಕಂಡಿದ್ದೇ ಯಾರೋ ಶ್ರದ್ಧೆಯಿಂದ ಕಸ ತೆಗೀತಿದ್ದಾಗ.

2006ರಲ್ಲಿ ಅದೇ ರಾಜ್ಯದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಯಾ-ಪಿಂಗ್ ಸನ್ ತಂಡ ಲೇಸರ್ ಹೊಡೆದು ಇಂಗಾಲದ ಕಣ ಮಾಡಿ, ಮೇಲೆ ಪಾಲಿಮರ್ ಹೊದಿಸಿ, ಚೆನ್ನಾಗಿ ಹೊಳೆಯೋ ಹಾಗೆ ಮಾಡಿತು. ಕಾರ್ಬನ್ ಡಾಟ್ ಅನ್ನೋ ಹೆಸರೂ ಅವರದ್ದೇ. ಆದರೆ ಲೇಸರ್ ಎಲ್ಲರ ಹತ್ತಿರ ಇರುತ್ತಾ? 2007ರಲ್ಲಿ ಇನ್ನೊಂದು ತಂಡ ಉರಿಯೋ ಮೇಣದಬತ್ತಿಯ ಮೇಲೆ ಅಲ್ಯೂಮಿನಿಯಂ ಹಾಳೆ ಹಿಡಿದು, ಕೂತ ಮಸಿಯನ್ನ ಕೆರೆದು, ಅದರಿಂದಲೇ ನೇರಳೆಯಿಂದ ಕಿತ್ತಳೆ ತನಕ ಬಣ್ಣ ಕೊಡೋ ಕಣಗಳನ್ನ ಬೇರ್ಪಡಿಸಿತು. ಮಾರ್ಕ್ಸ್ ಕಾರ್ಡ್ ಮಾತ್ರ ಕಳಪೆ, ನೂರಕ್ಕೆ ಎರಡೂ ಇಲ್ಲ.

ಇಲ್ಲಿಂದ ಕಥೆ ನಮ್ಮ ದೇಶಕ್ಕೆ ಬರುತ್ತೆ. 2009ರಲ್ಲಿ ಕೊಲ್ಕತ್ತಾದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯ ನಿಖಿಲ್ ಜಾನಾ ಅವರೂ ಇದ್ದ ಒಂದು ತಂಡ ಮಸಿಯನ್ನ ಮತ್ತೆ ಕೈಗೆತ್ತಿಕೊಂಡಿತು. ಅವರು ಮಾಡಿದ್ದನ್ನ ಹಂತಹಂತವಾಗಿ ಹೇಳ್ತೀನಿ.

ಒಂದು ಚಿಟಿಕೆ ಮಸಿ. ಅದಕ್ಕೆ ನೈಟ್ರಿಕ್ ಆಸಿಡ್. ಆವಿ ಹೊರಗೆ ಹೋಗದೆ ತಣಿದು ಮತ್ತೆ ಕೆಳಗೆ ತೊಟ್ಟಿಕ್ಕೋ ಹಾಗೆ ಗಾಜಿನ ಕೊಳವೆ ಜೋಡಿಸಿ, ಸುಮಾರು ಹನ್ನೆರಡು ಗಂಟೆ ಕಾಯಿಸಬೇಕು. ಮಸಿ ಹಿಡಿದ ಪಾತ್ರೆಯನ್ನ ಬರೀ ನೀರಲ್ಲಿ ತೊಳೆದು ನೋಡಿದವರಿಗೆ ಗೊತ್ತು, ಮಸಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆಸಿಡ್ ಮಾಡೋ ಕೆಲಸ ಎರಡು. ಒಂದು, ಮಸಿಯ ಗಂಟುಗಳನ್ನ ಒಡೆಯುತ್ತೆ. ಎರಡು, ಒಡೆದ ಚೂರುಗಳ ಮೈಗೆ ಆಮ್ಲಜನಕ, ಸಾರಜನಕದ ಗುಂಪುಗಳನ್ನ ಅಂಟಿಸುತ್ತೆ. ಆ ಗುಂಪುಗಳಿಗೆ ನೀರು ಅಂದ್ರೆ ಪ್ರೀತಿ. ಹಾಗಾಗಿ ನೀರಿಗೆ ಬೆನ್ನು ತಿರುಗಿಸಿದ್ದ ಮಸಿ ಈಗ ನೀರಲ್ಲಿ ಕರಗುತ್ತೆ. ಹೊಳಪು ಹುಟ್ಟೋದೂ ಅದೇ ಗುಂಪುಗಳ ದೆಸೆಯಿಂದ. ದಯವಿಟ್ಟು ಇದನ್ನ ಮನೆಯಲ್ಲಿ ಮಾಡೋಕೆ ಹೋಗಬೇಡಿ, ಆ ಆಸಿಡ್‌ನಿಂದ ಏಳೋ ಕಂದು ಹೊಗೆ ಶ್ವಾಸಕೋಶವನ್ನೇ ಸುಡುತ್ತೆ.

ಆಮೇಲೆ ಬಂತು ತೊಳೆಯೋ ಕೆಲಸ. ಆಸಿಡ್ ತೆಗೀಬೇಕು. ಒಡೆಯದೆ ಉಳಿದ ದಪ್ಪ ಮಸಿ ತೆಗೀಬೇಕು. ಹೀಗೆ ಸಿಕ್ಕ ಕಣಗಳು 2ರಿಂದ 6 ನ್ಯಾನೋಮೀಟರ್ ಗಾತ್ರದವು. ನಿಮ್ಮ ತಲೆಕೂದಲ ಅಗಲದಲ್ಲಿ ಇಂಥವನ್ನ ಸಾಲಾಗಿ ನಿಲ್ಲಿಸಿದರೆ ಇಪ್ಪತ್ತು ಸಾವಿರದಷ್ಟು ನಿಲ್ಲಬಹುದು. ಹೊಳಪಿನ ಅಂಕ ನೂರಕ್ಕೆ 3. ಅಷ್ಟಕ್ಕೇ ಅವರು ಬಿಡಲಿಲ್ಲ. ದ್ರಾವಕಗಳ ಮಿಶ್ರಣದಲ್ಲಿ ಹಾಕಿ, ಗಿರಗಿರ ತಿರುಗೋ ಸೆಂಟ್ರಿಫ್ಯೂಜ್‌ನಲ್ಲಿ ದೊಡ್ಡವನ್ನ ಕೆಳಗಿಳಿಸಿ, ಸಣ್ಣವನ್ನಷ್ಟೇ ಆರಿಸಿಕೊಂಡರು. ಅಂಕ 3ರಿಂದ 17ಕ್ಕೆ ಏರಿತು. ಗಮನಿಸಿ, ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಬೇಡದ್ದನ್ನ ತೆಗೆದರು, ಅಷ್ಟೇ. ಅಮ್ಮಂದಿರು ಮೊರದಲ್ಲಿ ಅಕ್ಕಿ ಕೇರೋದೂ ಇದೇ ಕೆಲಸ ಅಲ್ವಾ?

ಈ ಕಣಗಳನ್ನ ಕ್ಯಾನ್ಸರ್ ಜೀವಕೋಶಗಳ ಜೊತೆ ಬಿಟ್ಟಾಗ, ಮೇಲೆ ಬೇರೆ ಯಾವ ಲೇಪ ಇಲ್ಲದೆಯೂ ಒಳಗೆ ಹೋದವು. ಜೀವಕೋಶ ತನ್ನ ಪೊರೆಯನ್ನ ಚೀಲದ ಹಾಗೆ ಒಳಕ್ಕೆ ಮಡಿಸಿ ಇಂಥ ಕಣಗಳನ್ನ ನುಂಗುತ್ತೆ. ನೀಲಿ ಅಥವಾ ನೇರಳಾತೀತ ಬೆಳಕು ಬಿಟ್ಟರೆ ಚಿತ್ರ ಸಿಗುತ್ತೆ.

ಸರಿ, ಆಸಿಡ್ ಯಾಕೆ, ಅಡುಗೆಮನೆಯೇ ಸಾಕಲ್ವಾ ಅಂತ ಮುಂದಿನ ಪ್ರಶ್ನೆ ಬಂತು. 2012ರಲ್ಲಿ ಒಡಿಶಾದ ರೂರ್ಕೆಲಾ ಎನ್‌ಐಟಿ ಮತ್ತು ಖರಗ್‌ಪುರ ಐಐಟಿಯ ಸಂಶೋಧಕರು ಕಿತ್ತಳೆ ಹಣ್ಣಿನ ರಸವನ್ನ ಮುಚ್ಚಿದ ಪಾತ್ರೆಯಲ್ಲಿ 120 ಡಿಗ್ರಿಯಲ್ಲಿ ಎರಡೂವರೆ ಗಂಟೆ ಬೇಯಿಸಿದರು. ಪ್ರೆಷರ್ ಕುಕ್ಕರ್ ಲೆಕ್ಕಾಚಾರವೇ. ರಸದಲ್ಲಿರೋ ಸಕ್ಕರೆ, ಹುಳಿ ಎಲ್ಲ ಬೆಂದು ಇಂಗಾಲದ ಚುಕ್ಕಿಗಳಾದವು. ಅಂಕ ನೂರಕ್ಕೆ 26! ಆಮೇಲೆ ಕೇಳಬೇಕಾ? ಬಾಳೆಹಣ್ಣು, ಬೆಳ್ಳುಳ್ಳಿ, ಹಾಲು, ಕೊತ್ತಂಬರಿ ಸೊಪ್ಪು... ಸಂತೆಯಲ್ಲಿ ಸಿಗೋದೆಲ್ಲ ಕುಕ್ಕರ್‌ಗೆ ಹೋಯಿತು. ಎಲ್ಲವೂ ಹೊಳೆದವು. 2013ರಲ್ಲಿ ಚೀನಾದ ಜಿಲಿನ್ ವಿಶ್ವವಿದ್ಯಾಲಯದ ತಂಡ ಸಿಟ್ರಿಕ್ ಆಸಿಡ್‌ಗೆ, ಅಂದ್ರೆ ನಿಂಬೆ ಹುಳಿಗೆ, ಎಥಿಲೀನ್‌ಡೈಅಮೀನ್ ಸೇರಿಸಿ ಬೇಯಿಸಿ ಸುಮಾರು 80 ಅಂಕ ತೆಗೆದುಕೊಂಡಿತು. ಜಗತ್ತು ಬೆರಗಾಯಿತು.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ. ಹೊಳೆಯೋ ನೀರಿನಲ್ಲಿ ಹೊಳೀತಿರೋದು ಚುಕ್ಕಿಯೋ, ಜೊತೆಗಿರೋ ಇನ್ನೇನೋ? ಈ ಪ್ರಶ್ನೆಯನ್ನ ಜೋರಾಗಿ ಕೇಳಿದವರಲ್ಲಿ ಅದೇ ಜಿಲಿನ್ ತಂಡವೂ ಇತ್ತು. ತಮ್ಮದೇ ದ್ರಾವಣವನ್ನ ತೊಳೆದು, ಬೇರ್ಪಡಿಸಿ ನೋಡಿ, 2015ರಲ್ಲಿ ಅವರೇ ಬರೆದರು: ಇದರಲ್ಲಿ ಬೇಯಿಸುವಾಗ ಹುಟ್ಟಿದ ಒಂದು ಪುಟ್ಟ ಅಣು ಇದೆ, ಆ ಉಜ್ವಲ ನೀಲಿ ಬೆಳಕಿಗೆ ಅದರ ಕೊಡುಗೆ ದೊಡ್ಡದು. ಅಂದ್ರೆ ಬಹುಮಾನ ಚುಕ್ಕಿಗೆ ಹೋಗಿತ್ತು, ಓಡಿದ್ದರಲ್ಲಿ ಹೆಚ್ಚಿನ ಪಾಲು ಪಕ್ಕದವನದು. 2018ರಲ್ಲಿ ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಖಾರವಾಗಿ ಎಚ್ಚರಿಸಿದರು. ಸರಿಯಾಗಿ ತೊಳೆಯದ ಚುಕ್ಕಿಗಳಲ್ಲಿ ಇಂಥ ಹೊಳೆಯೋ ಕಲ್ಮಶ ಸಾಮಾನ್ಯ, ಅದನ್ನ ನಂಬಿ ಬರೆದ ತೀರ್ಮಾನಗಳು ತಪ್ಪಾಗಬಹುದು ಅಂತ.

ಇಲ್ಲಿ ತೊಳೆಯೋದು ಅಂದ್ರೆ ಡಯಾಲಿಸಿಸ್. ಕಿಡ್ನಿ ಕೆಟ್ಟವರಿಗೆ ಮಾಡೋ ಡಯಾಲಿಸಿಸ್‌ನ ತತ್ವವೇ. ಸೂಕ್ಷ್ಮ ರಂಧ್ರಗಳಿರೋ ಚೀಲದಲ್ಲಿ ದ್ರಾವಣ ತುಂಬಿ, ದೊಡ್ಡ ಪಾತ್ರೆಯ ಶುದ್ಧ ನೀರಲ್ಲಿ ಮುಳುಗಿಸಿಡೋದು. ಸಣ್ಣ ಅಣುಗಳು ರಂಧ್ರದಿಂದ ಹೊರಗೆ ಹೋಗ್ತವೆ, ದೊಡ್ಡ ಚುಕ್ಕಿಗಳು ಒಳಗೇ ಉಳಿಯುತ್ತವೆ. ನೀರು ಬದಲಿಸಬೇಕು, ಮತ್ತೆ ಬದಲಿಸಬೇಕು, ದಿನಗಟ್ಟಲೆ. ಹೊರಗೆ ಚೆಲ್ಲೋ ನೀರಿನ ಮೇಲೂ ನೇರಳಾತೀತ ದೀಪ ಹಿಡಿದು ನೋಡಬೇಕು. ಅದು ಇನ್ನೂ ಹೊಳೀತಾ ಇದ್ದರೆ ಕೆಲಸ ಮುಗಿದಿಲ್ಲ ಅಂತ ಅರ್ಥ. ಬೇಸರದ ಕೆಲಸ ಇದು, ಟೀವಿಯಲ್ಲಿ ತೋರಿಸೋಕೆ ಏನೂ ಇಲ್ಲ.

ಇದೆಲ್ಲ ರಸಾಯನಶಾಸ್ತ್ರದವರ ಒಳಜಗಳ, ನಮಗೇನು ಅಂತ ನೀವು ಕೇಳಬಹುದು. ಮಸಿಯ ಹಳೇ ಚರಿತ್ರೆ ಹೇಳಿದರೆ ಅರ್ಥ ಆಗುತ್ತೆ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ವಿಷಯ ಬರೆದ. ಚಿಕ್ಕಂದಿನಿಂದ ಮನೆಗಳ ಹೊಗೆಗೂಡಿನೊಳಗೆ ಇಳಿದು ಮಸಿ ಕೆರೆಯೋ ಹುಡುಗರಿಗೆ, ದೊಡ್ಡವರಾದ ಮೇಲೆ ವೃಷಣದ ಚೀಲದ ಚರ್ಮದಲ್ಲಿ ಕ್ಯಾನ್ಸರ್ ಬರ್ತಿತ್ತು. ಮೈಯ ಮಡಿಕೆಗಳಲ್ಲಿ ಕೂತ ಮಸಿಯೇ ಕಾರಣ ಅಂದ. ಮಾಡೋ ಉದ್ಯೋಗದಿಂದಲೇ ಕ್ಯಾನ್ಸರ್ ಬರುತ್ತೆ ಅಂತ ಗುರುತಿಸಿದ ಮೊದಲ ಉದಾಹರಣೆಗಳಲ್ಲಿ ಇದು ಒಂದು. ಮಸಿಯೊಳಗೆ ವಿಷ ಯಾವುದು ಅಂತ ತಿಳಿಯೋಕೆ ಒಂದೂವರೆ ಶತಮಾನ ಬೇಕಾಯಿತು. 1930ರ ಹೊತ್ತಿಗೆ ಲಂಡನ್ನಿನಲ್ಲೇ ಹೀಗರ್ ಎಂಬ ವಿಜ್ಞಾನಿ, ಕ್ಯಾನ್ಸರ್ ತರೋ ಡಾಂಬರುಗಳು ಒಂದು ವಿಶಿಷ್ಟ ರೀತಿಯಲ್ಲಿ ಹೊಳೆಯೋದನ್ನ ಕಂಡ. ಆ ಹೊಳಪನ್ನೇ ಹಿಂಬಾಲಿಸಿ ಅವನೂ ಅವನ ಸಹೋದ್ಯೋಗಿಗಳೂ 1933ರಲ್ಲಿ ಬೆಂಜೋಪೈರೀನ್ ಅನ್ನೋ ವಿಷವನ್ನ ಕೈಗೆ ಹಿಡಿದರು.

ಅಂದ್ರೆ ಏನಾಯಿತು? ಅಲ್ಲಿ ಹೊಳೆದದ್ದು ಕ್ಯಾನ್ಸರ್ ತರೋ ವಿಷ. ಇಲ್ಲಿ ಹೊಳೀತಿರೋದು ಕ್ಯಾನ್ಸರ್ ಜೀವಕೋಶ ತೋರಿಸೋ ಚುಕ್ಕಿ. ಎರಡಕ್ಕೂ ಮೂಲ ಒಂದೇ, ಅರೆಬರೆ ಉರಿದ ಇಂಗಾಲ. ಬರೀ ಕಣ್ಣಿಗೆ ಎರಡೂ ಬೆಳಕೇ. ಹೊಳಪು ಒಳ್ಳೇದಕ್ಕೂ ಸರ್ಟಿಫಿಕೇಟ್ ಅಲ್ಲ, ಕೆಟ್ಟದ್ದಕ್ಕೂ ಅಲ್ಲ. ಅದರ ಜೊತೆ ಇನ್ನೇನು ಉಳಿದಿದೆ ಅಂತ ತೊಳೆದು ನೋಡಿದವರಿಗಷ್ಟೇ ಗೊತ್ತು. 'ಇಂಗಾಲ ಅಂದ್ರೆ ನೈಸರ್ಗಿಕ, ಹಾಗಾಗಿ ಸುರಕ್ಷಿತ' ಅಂತ ಯಾರಾದರೂ ಹೇಳಿದರೆ, ಲಂಡನ್ನಿನ ಆ ಹುಡುಗರನ್ನ ನೆನಪಿಸಿಕೊಳ್ಳಿ.

ಜೀವಕೋಶದ ಒಳಗೂ ಇಂಥದೇ ಒಂದು ಬಲೆ ಇದೆ. ನಮ್ಮ ಜೀವಕೋಶಗಳು ಸ್ವಂತವಾಗಿಯೂ ಸ್ವಲ್ಪ ಹೊಳೀತವೆ. ಶಕ್ತಿ ತಯಾರಿಸೋ ಕೆಲಸದಲ್ಲಿರೋ ಕೆಲವು ಅಣುಗಳು ನೇರಳಾತೀತ ಬೆಳಕಿಗೆ ನೀಲಿಯಾಗಿ, ನೀಲಿ ಬೆಳಕಿಗೆ ಹಸಿರಾಗಿ ಮಿಣುಕುತ್ತವೆ. ಬಹಳಷ್ಟು ಇಂಗಾಲದ ಚುಕ್ಕಿಗಳ ಬಣ್ಣವೂ ನೀಲಿ, ಹಸಿರೇ. ಚಿತ್ರದಲ್ಲಿ ಕಾಣೋ ಬೆಳಕು ಯಾರದು? ಅದಕ್ಕೇ ಒಳ್ಳೆಯ ಪ್ರಯೋಗದಲ್ಲಿ ಚುಕ್ಕಿ ಹಾಕದ ಜೀವಕೋಶದ ಚಿತ್ರವನ್ನೂ ಪಕ್ಕದಲ್ಲೇ, ಅದೇ ಬೆಳಕಿನಲ್ಲಿ ತೆಗೆದಿರ್ತಾರೆ. ಅದು ಕತ್ತಲಾಗಿದ್ದರೆ ಮಾತ್ರ ಇದರ ಬೆಳಕಿಗೆ ಬೆಲೆ.

ಇಂಥ ಸುದ್ದಿ ಬಂದ ಮಾರನೇ ದಿನ ಚಾನೆಲ್‌ಗೆ ಬರೋ ಫೋನ್‌ಗಳನ್ನ ನಾನು ಕೇಳಿಸಿಕೊಂಡಿದ್ದೀನಿ. ಹೈಸ್ಕೂಲು ಓದೋ ಮಗಳಿಗೆ ಮೂಳೆ ಕ್ಯಾನ್ಸರ್ ಅಂತ ಹೇಳಿದ ಒಬ್ಬ ತಂದೆ ಕೇಳಿದ್ದು ಇಷ್ಟೇ: 'ಸಾರ್, ಆ ಹೊಳೆಯೋ ಟೆಸ್ಟ್ ಎಲ್ಲಿ ಮಾಡ್ತಾರೆ? ಎಷ್ಟಾಗುತ್ತೆ?' ಬೇರೆಲ್ಲೋ ನೋಡಿದ ಒಂದು ವೀಡಿಯೋ ನಂಬಿ, ಅದಕ್ಕೋಸ್ಕರ ಆಸ್ಪತ್ರೆಯ ಚಿಕಿತ್ಸೆಯನ್ನ ಒಂದು ವಾರ ಮುಂದೂಡೋಣ ಅಂತ ಅವರ ಮನೆಯಲ್ಲಿ ಮಾತಾಗಿತ್ತು. ಮುಂದೂಡಬೇಡಿ, ಇದು ಆಸ್ಪತ್ರೆಯ ಟೆಸ್ಟ್ ಅಲ್ಲ ಅಂತ ಹೇಳಿ ಮುಗಿಸೋವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೂ ಹಾಸಿಗೆಯಲ್ಲಿ ಮಲಗಿರೋ ಮಗುವಿಗೂ ನಡುವೆ ಇರೋ ದೂರವನ್ನ ನಾವು ಒಂದು ಉದ್ಗಾರ ಚಿಹ್ನೆಯಲ್ಲಿ ದಾಟಿಬಿಡ್ತೀವಿ. ಆ ದೂರವನ್ನ ನಡೆದೇ ದಾಟಬೇಕಾದವರು ಅವರು.

ಆ ದೂರ ಎಷ್ಟು ಗೊತ್ತಾ? ನೀಲಿ, ನೇರಳಾತೀತ ಬೆಳಕು ನಮ್ಮ ಚರ್ಮದೊಳಗೆ ಒಂದು ಮಿಲಿಮೀಟರ್ ಕೂಡ ಸರಿಯಾಗಿ ಇಳಿಯಲ್ಲ. ತೊಡೆಯ ಮೂಳೆಯೊಳಗಿನ ಗೆಡ್ಡೆಯನ್ನ ಆ ಬೆಳಕಲ್ಲಿ ನೋಡೋದು ಆಗದ ಮಾತು. ಕೆಂಪು ಮತ್ತು ಅದರಾಚೆಯ ಬೆಳಕು ಇನ್ನಷ್ಟು ಆಳ ಹೋಗುತ್ತೆ, ಅದಕ್ಕೇ ಕೆಂಪು ಬೆಳಕಿನ ಚುಕ್ಕಿಗಳಿಗಾಗಿ ಹುಡುಕಾಟ ನಡೆದಿದೆ. ಕ್ಲೆಮ್ಸನ್ ತಂಡ 2009ರಲ್ಲೇ ಇಲಿಗಳ ಮೈಯೊಳಗೆ ಚುಕ್ಕಿಗಳನ್ನ ಬಿಟ್ಟು ಚಿತ್ರ ತೆಗೆದಿತ್ತು. ಇನ್ನೊಂದು ಗೊಂದಲವೂ ಇದೆ. ಸಿ-ಡಾಟ್ ಅನ್ನೋ ಹೆಸರಿನ ಕಣಗಳನ್ನ ಅಮೆರಿಕದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆ, ನಿಜ. ಆದರೆ ಅಲ್ಲಿ ಸಿ ಅಂದ್ರೆ ಕಾರ್ನೆಲ್ ವಿಶ್ವವಿದ್ಯಾಲಯ. ಅವು ಸಿಲಿಕಾ ಕಣಗಳು, ಮರಳಿನ ಸಂಬಂಧಿಕರು. ಮಸಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ.

ಹಾಗಾದರೆ ಈ ಚುಕ್ಕಿಗಳು ದಂಡವಾ? ಖಂಡಿತ ಅಲ್ಲ. ಔಷಧಿ ಜೀವಕೋಶದೊಳಗೆ ಹೇಗೆ ಹೋಗುತ್ತೆ, ಎಲ್ಲಿ ಕೂರುತ್ತೆ ಅಂತ ಪ್ರಯೋಗಾಲಯದಲ್ಲಿ ನೋಡೋಕೆ ಅಗ್ಗದ, ಕ್ಯಾಡ್ಮಿಯಂ ಇಲ್ಲದ ದೀಪ ಸಿಕ್ಕಿರೋದು ದೊಡ್ಡ ವಿಷಯ. ವಿದೇಶಿ ಬಣ್ಣದ ಒಂದು ಪುಟ್ಟ ಸೀಸೆಗೆ ಸಾವಿರಾರು ರೂಪಾಯಿ ತೆರೋ ನಮ್ಮ ಕಾಲೇಜು ಲ್ಯಾಬ್‌ಗಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಚಿಕಿತ್ಸೆಗೆ ಹೋಗೋ ದಾರಿ ಇಂಥ ಲ್ಯಾಬ್‌ಗಳಿಂದಲೇ ಶುರುವಾಗೋದು.

ಮುಂದಿನ ಸಲ 'ನಿಂಬೆಹಣ್ಣಿನಿಂದ ಕ್ಯಾನ್ಸರ್ ಪತ್ತೆ' ಅಂತ ಯಾವುದಾದರೂ ಚಾನೆಲ್ ಕೂಗಿದರೆ, ಅದು ನಮ್ಮದೇ ಚಾನೆಲ್ ಆಗಿದ್ದರೂ ಸರಿ, ಮೂರು ಪ್ರಶ್ನೆ ಕೇಳಿ. ಚೆನ್ನಾಗಿ ತೊಳೆದು ನೋಡಿದ್ದಾರಾ? ಚುಕ್ಕಿ ಹಾಕದ ಜೀವಕೋಶವನ್ನ ಪಕ್ಕದಲ್ಲಿಟ್ಟು ತೋರಿಸಿದ್ದಾರಾ? ಇದು ಆಗಿರೋದು ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಮೂರಕ್ಕೂ ಉತ್ತರ ಸಿಕ್ಕರೆ ನಂಬಿ. ಸಿಗದಿದ್ದರೆ ರಿಮೋಟ್ ನಿಮ್ಮ ಕೈಯಲ್ಲೇ ಇದೆ.

ಕೊಲ್ಕತ್ತಾದ ಆ ಸಂಸ್ಥೆಯ ಹೆಸರು ಹೇಳಿದೆನಲ್ಲ, ಅದನ್ನ 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದರು. ಮುಂದೆ ಬೆಂಗಳೂರಿಗೆ ಬಂದು ನಮ್ಮವರೇ ಆಗಿಹೋದ ಸಿ.ವಿ. ರಾಮನ್ ಆಗ ಪ್ರಯೋಗ ಮಾಡ್ತಿದ್ದದ್ದು ಅದೇ ಸಂಸ್ಥೆಯಲ್ಲಿ. 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್‌ಗೆ ದ್ರವಗಳಲ್ಲಿ ಒಂದು ಮಂದ ಬೆಳಕು ಕಂಡಿತು. ಯಾವುದೋ ಕಲ್ಮಶದ ಪ್ರತಿದೀಪ್ತಿ ಇರಬೇಕು ಅಂತ ಮೊದಲ ಅನುಮಾನ. ದ್ರವವನ್ನ ಮತ್ತೆ ಮತ್ತೆ ಶುದ್ಧ ಮಾಡಿ ನೋಡಿದರು. ಬೆಳಕು ಹೋಗಲಿಲ್ಲ. ಎಷ್ಟು ಶುದ್ಧ ಮಾಡಿದರೂ ಹೋಗದ ಆ ಬೆಳಕಿನ ಬೆನ್ನು ಹತ್ತಿದ್ದಕ್ಕೇ 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ ಸಿಕ್ಕಿತು, 1930ರಲ್ಲಿ ನೊಬೆಲ್ ಬಂತು. ಅವತ್ತು ಅವರು ಮೊದಲ ದಿನವೇ 'ಬೆಳಕು ಸಿಕ್ತು' ಅಂತ ಕೂಗಿದ್ದರೆ ಒಂದು ದಿನದ ಸುದ್ದಿ ಆಗಿರ್ತಿತ್ತು, ಅಷ್ಟೇ.